ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮೂರನೆಯವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷಕ್ಕೊಮ್ಮೆ ನವೆಂಬರ್ ಹತ್ತಿರ ಬಂತು ಅಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಊರಿನಲ್ಲಿರುವ ನೆಂಟರು ಫೋನಿನಲ್ಲಿ ಕೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಗೆಳೆಯರು ಬರೆದು ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸಿಕೊಳ್ಳಬೇಕಾದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ಅರ್ಥವಾಗುತ್ತದೆ.

## ಮೊದಲಿಂದ ತಿಳಿಯಬೇಕು ಅನ್ನುವವರಿಗೆ

ಅಮೆರಿಕದಲ್ಲಿ ಇರೋದೇ ಎರಡು ಪಕ್ಷ ಅಲ್ವಾ? ಈ ಮೂರನೆಯವರು ಯಾರು?

ಎರಡೇ ಪಕ್ಷ ಇರಬೇಕು ಅಂತ ಅಲ್ಲಿನ ಸಂವಿಧಾನ ಹೇಳಿಲ್ಲ. ರಾಜಕೀಯ ಪಕ್ಷಗಳ ಮಾತೇ ಅದರಲ್ಲಿಲ್ಲ. ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳು 1850ರ ದಶಕದಿಂದ ಎದುರುಬದುರು ನಿಂತಿವೆ, ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ಆದರೆ ಪ್ರತಿ ಸಲವೂ ಬೇರೆಯವರು ಕಣದಲ್ಲಿರುತ್ತಾರೆ. ಸರ್ಕಾರ ಚಿಕ್ಕದಾಗಿರಲಿ, ತೆರಿಗೆ ಕಡಿಮೆಯಾಗಲಿ ಅನ್ನುವ ಲಿಬರ್ಟೇರಿಯನ್ ಪಕ್ಷ 1971ರಿಂದ ಇದೆ. ಪರಿಸರ ಮತ್ತು ಯುದ್ಧವಿರೋಧದ ಮಾತಾಡುವ ಗ್ರೀನ್ ಪಕ್ಷ ಇದೆ. 1992ರಲ್ಲಿ ರಾಸ್ ಪೆರೋ ನಿಂತ ಹಾಗೆ ಪಕ್ಷೇತರರಾಗಿ ನಿಲ್ಲುವವರೂ ಇದ್ದಾರೆ. ಎರಡು ದೊಡ್ಡ ಪಕ್ಷದ ಹೊರಗಿನ ಎಲ್ಲರಿಗೂ ಸೇರಿಸಿ 'ಮೂರನೇ ಪಕ್ಷ' ಅನ್ನುವುದು ರೂಢಿ.

ಪೆರೋ ಅವರಿಗೆ ಹತ್ತಿರ ಹತ್ತಿರ 2 ಕೋಟಿ ಓಟು ಬಿದ್ದರೂ ಒಂದು ರಾಜ್ಯವೂ ಸಿಗಲಿಲ್ಲವಂತೆ. ಅದು ಹೇಗೆ ಸಾಧ್ಯ?

ಅಲ್ಲಿ ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರ್‌ಗಳು, ಅಂದರೆ ರಾಜ್ಯಗಳ ಪರವಾಗಿ ಓಟು ಹಾಕುವ ಪ್ರತಿನಿಧಿಗಳು. ಗೆಲ್ಲಲು 270 ಬೇಕು. ಪ್ರತಿ ರಾಜ್ಯಕ್ಕೂ ಇಷ್ಟು ಎಲೆಕ್ಟರ್ ಅಂತ ಹಂಚಿಕೆ ಇದೆ. 48 ರಾಜ್ಯಗಳಲ್ಲಿ ಯಾರಿಗೆ ಒಂದು ಓಟು ಜಾಸ್ತಿ ಬಂತೋ ಅವರಿಗೇ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಸ್ವಲ್ಪ ಬೇರೆ: ಅಲ್ಲಿ ಕ್ಷೇತ್ರವಾರು ಕೂಡ ಹಂಚುತ್ತಾರೆ.

ಪೆರೋಗೆ 1992ರಲ್ಲಿ ದೇಶದ ಶೇ 18.9 ಓಟು ಬಂತು. ಆದರೆ ಆ ಓಟು ಎಲ್ಲ ಕಡೆ ಚೆಲ್ಲಿಹೋಗಿತ್ತು. ಮೇನ್ ಮತ್ತು ಯೂಟಾ ರಾಜ್ಯಗಳಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದೇ ಅವರ ದೊಡ್ಡ ಸಾಧನೆ. ಸಿಕ್ಕ ಎಲೆಕ್ಟರ್‌ಗಳು ಸೊನ್ನೆ. ಇದಕ್ಕೆ ಎದುರಾಗಿ 1948ರಲ್ಲಿ ಸ್ಟ್ರಾಮ್ ಥರ್ಮಂಡ್ ಅವರನ್ನು ನೋಡಿ. ದೇಶದಲ್ಲಿ ಬರೀ ಶೇ 2.4 ಓಟು, ಆದರೆ ಅಷ್ಟೂ ದಕ್ಷಿಣದ ಕೆಲವೇ ರಾಜ್ಯಗಳಲ್ಲಿ ಗುಡ್ಡೆ ಬಿದ್ದಿತ್ತು. ಅವರಿಗೆ 39 ಎಲೆಕ್ಟರ್‌ಗಳು ಸಿಕ್ಕರು. ಅದೇ ವರ್ಷ ಹೆನ್ರಿ ವ್ಯಾಲೇಸ್‌ಗೂ ಶೇ 2.4 ಬಂದಿತ್ತು. ಚೆದುರಿದ ಓಟು, ಒಬ್ಬ ಎಲೆಕ್ಟರ್ ಕೂಡ ಇಲ್ಲ. ಓಟು ಎಷ್ಟು ಅನ್ನೋದಕ್ಕಿಂತ ಎಲ್ಲಿ ಬಿತ್ತು ಅನ್ನೋದು ಮುಖ್ಯ.

ಓಟು ಒಡೆಯೋದು ಅಂತಾರಲ್ಲ, ನಮ್ಮ ಕಡೆಯ ಉದಾಹರಣೆ ಕೊಟ್ಟು ಹೇಳ್ತೀರಾ?

2013ರ ಕರ್ನಾಟಕ ವಿಧಾನಸಭೆ ಚುನಾವಣೆ ನೆನಪು ಮಾಡಿಕೊಳ್ಳಿ. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು. ಕೆಜೆಪಿಗೆ ಸುಮಾರು ಶೇ 9.8 ಓಟು ಬಿತ್ತು, ಸಿಕ್ಕ ಸೀಟು 6. ಬಿಜೆಪಿ 110ರಿಂದ 40ಕ್ಕೆ ಇಳಿಯಿತು. ಕಾಂಗ್ರೆಸ್ಸಿನ ಓಟು 2008ಕ್ಕಿಂತ ಶೇ 2ರಷ್ಟೂ ಏರಿರಲಿಲ್ಲ. ಆದರೂ ಸೀಟು 80ರಿಂದ 122ಕ್ಕೆ ಹೋಯಿತು. ಒಂದೇ ಮನೆಯ ಓಟು ಎರಡು ಪಾಲಾದಾಗ ಎದುರಿನವರು ಬೆಳೆಯದೆಯೇ ಗೆಲ್ಲುತ್ತಾರೆ.

ಅಮೆರಿಕದಲ್ಲೂ ಲೆಕ್ಕ ಇದೇ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಚಿಕ್ಕ ಪಕ್ಷ ನಾಲ್ಕಾರು ಸೀಟು ಗೆದ್ದು ಸರ್ಕಾರ ರಚನೆಯಲ್ಲಿ ಮಾತಾಡಬಹುದು. ಅಲ್ಲಿ ಗೆಲ್ಲಬೇಕಾದದ್ದು ಒಂದೇ ಕುರ್ಚಿ. ಸೋತವರಿಗೆ ಚೌಕಾಸಿ ಮಾಡಲು ಏನೂ ಉಳಿಯುವುದಿಲ್ಲ.

ಮೂರನೇ ಪಕ್ಷದವರು ಯಾವತ್ತಾದ್ರೂ ಅಧ್ಯಕ್ಷರಾಗಿದ್ದಾರಾ? ಲಿಂಕನ್ ಹಾಗೇ ಗೆದ್ದರು ಅಂತ ಓದಿದ್ದೆ.

ಲಿಂಕನ್ ಅವರ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಆಗ ಅದು ಹೊಸಬರ ಪಕ್ಷವೇ. ಆದರೆ ಹಳೆಯ ವಿಗ್ ಪಕ್ಷ ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆದು ಚೂರಾಯಿತು, 1856ರ ಹೊತ್ತಿಗೇ ರಿಪಬ್ಲಿಕನ್ನರು ಎರಡನೇ ಸ್ಥಾನಕ್ಕೆ ಬಂದರು. ಹಾಗಾಗಿ 1860ರಲ್ಲಿ ಲಿಂಕನ್ ಮೂರನೆಯವರಾಗಿ ನಿಂತರು ಅನ್ನಲಾಗದು. ಸಾಯುತ್ತಿದ್ದ ಪಕ್ಷದ ಜಾಗಕ್ಕೆ ಹೊಸ ಪಕ್ಷ ಬಂದಿತ್ತು. ಅದಾದ ಮೇಲೆ ಎರಡು ದೊಡ್ಡ ಪಕ್ಷದ ಹೊರಗಿನವರು ಯಾರೂ ಗೆದ್ದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಲಿಂಕನ್‌ಗೆ ಶೇ 39.8 ಓಟು, ಉಳಿದದ್ದು ಡಗ್ಲಸ್, ಬ್ರೆಕಿನ್‌ರಿಜ್, ಬೆಲ್ ಮೂವರ ನಡುವೆ ಹಂಚಿಹೋಯಿತು, ಆ ಮೂವರು ಒಂದಾಗಿದ್ದರೆ ಲಿಂಕನ್ ಸೋಲುತ್ತಿದ್ದರು ಅನ್ನುತ್ತಾರೆ. ರಾಜ್ಯವಾರು ಕೂತು ಲೆಕ್ಕ ಹಾಕಿ ನೋಡಿ. ಮೂವರ ಓಟು ಒಟ್ಟು ಸೇರಿಸಿದರೂ ಲಿಂಕನ್ ಕೈ ತಪ್ಪುತ್ತಿದ್ದದ್ದು ಕ್ಯಾಲಿಫೋರ್ನಿಯಾ, ಆರೆಗಾನ್ ಮತ್ತು ನ್ಯೂಜೆರ್ಸಿಯ 4 ಎಲೆಕ್ಟರ್‌ಗಳು ಮಾತ್ರ. 180 ಇದ್ದದ್ದು 169 ಆಗುತ್ತಿತ್ತು. ಆಗ ಗೆಲುವಿಗೆ ಬೇಕಿದ್ದದ್ದು 152.

## ಹಿಂದೆ ನಡೆದದ್ದರ ಬಗ್ಗೆ

1912ರಲ್ಲಿ ಮಾಜಿ ಅಧ್ಯಕ್ಷರೇ ಮೂರನೇ ಪಕ್ಷದಿಂದ ನಿಂತಿದ್ದರಂತೆ?

ಹೌದು, ಥಿಯೋಡರ್ ರೂಸ್‌ವೆಲ್ಟ್. 1909ರಲ್ಲಿ ಕುರ್ಚಿ ಬಿಡುವಾಗ ತಮ್ಮ ಗೆಳೆಯ ವಿಲಿಯಂ ಟಾಫ್ಟ್ ಅವರನ್ನು ತಾವೇ ಕೂರಿಸಿ ಹೋದವರು. ಮೂರೇ ವರ್ಷದಲ್ಲಿ ಇಬ್ಬರಿಗೂ ಮುರಿದುಬಿತ್ತು. ರಿಪಬ್ಲಿಕನ್ ಪಕ್ಷ ಟಾಫ್ಟ್ ಅವರನ್ನೇ ಮತ್ತೆ ನಿಲ್ಲಿಸಿತು. ರೂಸ್‌ವೆಲ್ಟ್ ಹೊರಬಂದು ಪ್ರೊಗ್ರೆಸಿವ್ ಪಕ್ಷ ಕಟ್ಟಿದರು. ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಅವರ ಎದೆಗೆ ಗುಂಡು ಹಾರಿಸಿದರು. ಜೇಬಿನಲ್ಲಿದ್ದ ದಪ್ಪ ಭಾಷಣದ ಹಾಳೆಗಳು ಮತ್ತು ಕನ್ನಡಕದ ಡಬ್ಬಿ ಗುಂಡಿನ ವೇಗ ತಗ್ಗಿಸಿದವು. ಗುಂಡು ಎದೆಯೊಳಗೆ ಇರುವಾಗಲೇ ಅವರು ಭಾಷಣ ಮಾಡಿ ಮುಗಿಸಿದರು, ಆಮೇಲೆ ಆಸ್ಪತ್ರೆಗೆ ಹೋದರು.

ಫಲಿತಾಂಶ ಹೀಗಿತ್ತು. ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್‌ಗೆ ಶೇ 41.8 ಓಟು, 435 ಎಲೆಕ್ಟರ್. ರೂಸ್‌ವೆಲ್ಟ್‌ಗೆ ಶೇ 27.4, 88 ಎಲೆಕ್ಟರ್. ಕುರ್ಚಿಯಲ್ಲಿದ್ದ ಟಾಫ್ಟ್‌ಗೆ ಶೇ 23.2, ಬರೀ 8 ಎಲೆಕ್ಟರ್. ಮೂರನೇ ಪಕ್ಷದ ಅಭ್ಯರ್ಥಿ ದೊಡ್ಡ ಪಕ್ಷವೊಂದನ್ನು ಮೂರನೇ ಸ್ಥಾನಕ್ಕೆ ತಳ್ಳಿದ್ದು ಅಲ್ಲಿಂದೀಚೆಗೆ ಇನ್ನೊಮ್ಮೆ ನಡೆದಿಲ್ಲ. ಓಟು ಒಡೆದು ಫಲಿತಾಂಶ ಬದಲಾಯಿತು ಅನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣುವುದಿಲ್ಲ. ಒಂದೇ ಪಕ್ಷದ ಶೇ 50.6 ಓಟು ಎರಡು ಪಾಲಾಗಿತ್ತು. ಆದರೂ ಒಂದು ಎಚ್ಚರಿಕೆ ಬೇಕು. ಬದಲಾವಣೆ ಬಯಸಿದ ಡೆಮಾಕ್ರಟಿಕ್ ಒಲವಿನವರೂ ರೂಸ್‌ವೆಲ್ಟ್‌ಗೆ ಹಾಕಿದ್ದರು. ಅವರು ಟಾಫ್ಟ್ ಕಡೆ ಹೋಗುತ್ತಿರಲಿಲ್ಲ.

ಪೆರೋ ನಿಲ್ಲದಿದ್ದರೆ ದೊಡ್ಡ ಬುಷ್ ಗೆಲ್ಲುತ್ತಿದ್ದರು ಅಂತ ನಮ್ಮ ಮಾವ ಖಚಿತವಾಗಿ ಹೇಳ್ತಾರೆ. ನಿಜವಾ?

ಮಾವನವರಿಗೆ ಇದೊಂದು ಸಂಗತಿ ಹೇಳಿ. 1992ರಲ್ಲಿ ಮತಗಟ್ಟೆಯಿಂದ ಹೊರಬಂದ ಪೆರೋ ಮತದಾರರನ್ನೇ ಕೇಳಿದ್ದರು: ಪೆರೋ ಇಲ್ಲದಿದ್ದರೆ ಯಾರಿಗೆ ಹಾಕುತ್ತಿದ್ದಿರಿ? ಶೇ 38 ಜನ ಆಗ ಕುರ್ಚಿಯಲ್ಲಿದ್ದ ರಿಪಬ್ಲಿಕನ್ ಪಕ್ಷದ ಬುಷ್ ಅಂದರು, ಶೇ 38 ಜನ ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ ಅಂದರು. ಉಳಿದವರಲ್ಲಿ ಹೆಚ್ಚಿನವರು ಓಟು ಹಾಕಲು ಬರುತ್ತಲೇ ಇರಲಿಲ್ಲ. ಕ್ಲಿಂಟನ್ ಗೆದ್ದದ್ದು ಶೇ 5ಕ್ಕೂ ಜಾಸ್ತಿ ಅಂತರದಲ್ಲಿ. ಸಮಪಾಲಾಗಿ ಹಂಚಿಹೋಗುವ ಓಟು ಆ ಅಂತರವನ್ನು ಅಳಿಸಲಾರದು.

ಆದರೆ ಮಾವನವರ ಮಾತಿನಲ್ಲಿ ಒಂದು ಎಳೆ ಸತ್ಯ ಇರಬಹುದು. ಆ ವರ್ಷ ಪೆರೋ ಸರ್ಕಾರದ ಸಾಲದ ಬಗ್ಗೆ, ಕುರ್ಚಿಯಲ್ಲಿದ್ದವರ ವೈಫಲ್ಯದ ಬಗ್ಗೆ ಟಿವಿಯಲ್ಲಿ ಅರ್ಧರ್ಧ ಗಂಟೆ ಚಾರ್ಟ್ ಹಿಡಿದು ಮಾತಾಡಿದರು. ಆ ಏಟು ಬುಷ್‌ಗೇ ಹೆಚ್ಚು ಬಿದ್ದಿರಬಹುದು. ಇದನ್ನು ಓಟು ಎಣಿಸಿ ಅಳೆಯಲು ಬರುವುದಿಲ್ಲ.

2000ದಲ್ಲಿ ನೇಡರ್ ಅವರಿಂದಲೇ ಅಲ್ವಾ ಗೋರ್ ಸೋತದ್ದು?

ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೇಶದ ಒಟ್ಟು ಓಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ 5 ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಎಲ್ಲ ನಿಂತದ್ದು ಫ್ಲಾರಿಡಾ ಮೇಲೆ. ಅಲ್ಲಿ ರಿಪಬ್ಲಿಕನ್ ಪಕ್ಷದ ಕಿರಿಯ ಜಾರ್ಜ್ ಬುಷ್‌ಗೆ 29,12,790, ಗೋರ್‌ಗೆ 29,12,253. ಅಂತರ 537. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅದೇ ರಾಜ್ಯದಲ್ಲಿ 97,488.

ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ತೀರ್ಪು ಸುಲಭ ಅನ್ನಿಸುತ್ತದೆ. ಆದರೆ ಫ್ಲಾರಿಡಾದ ಮತಪತ್ರಗಳನ್ನೇ ಒಂದೊಂದಾಗಿ ಅಧ್ಯಯನ ಮಾಡಿದ ಸಂಶೋಧಕರು ಕಂಡದ್ದು ಬೇರೆ. ನೇಡರ್ ಮತದಾರರಲ್ಲಿ ಗೋರ್ ಕಡೆ ಒಲವಿದ್ದವರು ಸುಮಾರು ಶೇ 60 ಮಾತ್ರ, ಉಳಿದವರು ಬುಷ್ ಕಡೆಯವರು. ಸರಿ, ನೇಡರ್ ಮತದಾರರಲ್ಲಿ ಅರ್ಧ ಜನ ಮನೆಯಲ್ಲೇ ಉಳಿಯುತ್ತಿದ್ದರು ಅಂದುಕೊಳ್ಳೋಣ. ಉಳಿದ ಅರ್ಧ 60ಕ್ಕೆ 40ರಂತೆ ಹಂಚಿಹೋಗಿದ್ದರೂ ಗೋರ್‌ಗೆ 9,000ಕ್ಕೂ ಹೆಚ್ಚು ಓಟಿನ ಲಾಭ. 537ನ್ನು ದಾಟಲು ಅದು ಧಾರಾಳ ಸಾಕು. ಹಾಗಾಗಿ ಲೆಕ್ಕದ ಮಟ್ಟಿಗೆ ಉತ್ತರ ಹೌದು.

ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅಂತರ ಅಷ್ಟು ಸಣ್ಣದಾಗಿದ್ದಾಗ ಪ್ರತಿಯೊಂದೂ ಕಾರಣವೇ. ಫ್ಲಾರಿಡಾದಲ್ಲಿ ಕಣದಲ್ಲಿದ್ದ ಎಲ್ಲ ಚಿಕ್ಕ ಪಕ್ಷಗಳಿಗೂ, ಕೊನೆಯ ಸ್ಥಾನದಲ್ಲಿದ್ದವರಿಗೂ ಸೇರಿ, 537ಕ್ಕಿಂತ ಜಾಸ್ತಿ ಓಟು ಬಿದ್ದಿತ್ತು. ಪಾಮ್ ಬೀಚ್ ಕೌಂಟಿಯಲ್ಲಿ ಮತಪತ್ರದ ಎರಡೂ ಪುಟದಲ್ಲಿ ಹೆಸರು, ಮಧ್ಯದಲ್ಲಿ ತೂತು ಮಾಡುವ ಜಾಗ. ಆ ಗೊಂದಲದಲ್ಲಿ ರಿಫಾರ್ಮ್ ಪಕ್ಷದ ಪ್ಯಾಟ್ ಬ್ಯುಕಾನನ್‌ಗೆ 3,400ಕ್ಕೂ ಹೆಚ್ಚು ಓಟು ಹೋಯಿತು, ಅದರಲ್ಲಿ ಬಹುಪಾಲು ಗೋರ್‌ಗೆ ಹಾಕಲು ಬಂದವರದ್ದು. ಮರು ಎಣಿಕೆಯನ್ನು ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ತೀರ್ಪು ಮುಗಿಸಿತು. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸಿಯನ್ನು ಸೋತರು, ಅದನ್ನು ಗೆದ್ದಿದ್ದರೆ ಫ್ಲಾರಿಡಾ ಬೇಕೇ ಇರಲಿಲ್ಲ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ನ್ಯೂ ಮೆಕ್ಸಿಕೋ, ಅಯೋವಾ, ವಿಸ್ಕಾನ್ಸಿನ್, ಆರೆಗಾನ್ ಈ ನಾಲ್ಕೂ ರಾಜ್ಯಗಳನ್ನು ಗೋರ್ ಗೆದ್ದ ಅಂತರಕ್ಕಿಂತ ಬಲಪಂಥದ ಬ್ಯುಕಾನನ್‌ಗೆ ಅಲ್ಲಿ ಬಿದ್ದ ಓಟು ಜಾಸ್ತಿ. ನ್ಯೂ ಮೆಕ್ಸಿಕೋದಲ್ಲಿ ಅಂತರ ಬರೀ 366. ಅಂದರೆ ಮೂರನೆಯವರಿಂದ ಗೋರ್‌ಗೆ ನಷ್ಟ ಆದ ಹಾಗೆ ಲಾಭವೂ ಆಗಿತ್ತು.

ನೇಡರ್ ಒಂದು ಕಾರಣ ಅನ್ನೋದನ್ನು ನಾನು ಒಪ್ಪುತ್ತೇನೆ. ಅವರೊಬ್ಬರೇ ಕಾರಣ ಅನ್ನೋದನ್ನು ಒಪ್ಪಲಾರೆ. ಅವರಿಗೆ ಓಟು ಹಾಕಿದ ಸಾವಿರಾರು ಜನರನ್ನು ಇಪ್ಪತ್ತೈದು ವರ್ಷ ಬೈದದ್ದಂತೂ ನನಗೆ ತುಂಬಾ ಬೇಸರದ ವಿಷಯ. 'ನನಗೆ ಇವರು ಇಷ್ಟ, ಇವರು ಆಗದಿದ್ದರೆ ಅವರು' ಅಂತ ಹೇಳಲು ಆ ಮತಪತ್ರದಲ್ಲಿ ಜಾಗವೇ ಇರಲಿಲ್ಲ.

2016ರಲ್ಲಿ ಜಿಲ್ ಸ್ಟೈನ್ ಓಟು ಹಿಲರಿಗೆ ಹೋಗಿದ್ದರೆ ಟ್ರಂಪ್ ಬರ್ತಾನೇ ಇರ್ಲಿಲ್ಲ, ಅಲ್ವಾ?

ಮಿಷಿಗನ್‌ನಲ್ಲಿ ಟ್ರಂಪ್ ಅಂತರ 10,704, ಗ್ರೀನ್ ಪಕ್ಷದ ಸ್ಟೈನ್‌ಗೆ 51,463. ವಿಸ್ಕಾನ್ಸಿನ್‌ನಲ್ಲಿ 22,748ಕ್ಕೆ ಎದುರಾಗಿ 31,072. ಪೆನ್ಸಿಲ್ವೇನಿಯಾದಲ್ಲಿ 44,292ಕ್ಕೆ 49,941. ಮೂರೂ ಕಡೆ ಸ್ಟೈನ್ ಓಟು ಅಂತರಕ್ಕಿಂತ ಹೆಚ್ಚು. ಆದರೆ ಹಿಲರಿ ಕ್ಲಿಂಟನ್ ಗೆಲ್ಲಲು ಮೂರೂ ರಾಜ್ಯ ಬೇಕಿತ್ತು. ಪೆನ್ಸಿಲ್ವೇನಿಯಾ ಸಿಗಬೇಕಾದರೆ ಸ್ಟೈನ್ ಮತದಾರರಲ್ಲಿ ಹತ್ತಕ್ಕೆ ಒಂಬತ್ತು ಜನ ಒಗ್ಗಟ್ಟಾಗಿ ಹಿಲರಿ ಕಡೆ ಬರಬೇಕು, ಒಬ್ಬರೂ ಟ್ರಂಪ್ ಕಡೆ ಹೋಗಬಾರದು. ಅದು ನಡೆಯುವ ಮಾತಲ್ಲ.

ಮತ್ತೆ, ಸ್ಟೈನ್ ಒಬ್ಬರನ್ನೇ ಯಾಕೆ ಎಣಿಸಬೇಕು? ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಆ ಮೂರೂ ರಾಜ್ಯಗಳಲ್ಲಿ ಸ್ಟೈನ್‌ಗಿಂತ ಸುಮಾರು ಮೂರು ಪಟ್ಟು ಓಟು ಬಿದ್ದಿತ್ತು. ಅವರು ನ್ಯೂ ಮೆಕ್ಸಿಕೋದ ಮಾಜಿ ರಿಪಬ್ಲಿಕನ್ ಗವರ್ನರ್. ಒಬ್ಬರನ್ನು ಕಣದಿಂದ ತೆಗೆದು ಇನ್ನೊಬ್ಬರನ್ನು ಉಳಿಸಿಕೊಂಡು ಲೆಕ್ಕ ಹಾಕಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ.

2024ರಲ್ಲಿ ಏನಾದ್ರೂ ಪರಿಣಾಮ ಆಯ್ತಾ?

ಫಲಿತಾಂಶ ತಿರುಗುವಷ್ಟು ಆಗಲಿಲ್ಲ. ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಆಗಸ್ಟ್ 23ರಂದು ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಮುಂದೆ ಅದೇ ಸರ್ಕಾರದಲ್ಲಿ ಆರೋಗ್ಯ ಇಲಾಖೆ ಅವರ ಕೈಗೆ ಬಂತು. ಓಟು ಎಣಿಸುವ ಮೊದಲೇ ಚೌಕಾಸಿ ಮಾಡುವುದು ಕೂಡ ಮೂರನೆಯವರ ಒಂದು ದಾರಿ ಅಂತ ಇದು ತೋರಿಸಿತು. ಮಿಷಿಗನ್‌ನ ಡಿಯರ್‌ಬಾರ್ನ್ ನಗರದಲ್ಲಿ, ಅರಬ್ ಮೂಲದವರು ಹೆಚ್ಚಿರುವ ಕಡೆ, ಗಾಜಾ ಯುದ್ಧದ ಸಿಟ್ಟಿನಿಂದ ಸ್ಟೈನ್‌ಗೆ ಶೇ 18ರಷ್ಟು ಓಟು ಬಿತ್ತು. ಆ ನಗರದಲ್ಲಿ ಟ್ರಂಪ್ ಮುಂದೆ ಬಂದರು. ಆದರೆ ಇಡೀ ಮಿಷಿಗನ್‌ನಲ್ಲಿ ಅಂತರ ಸುಮಾರು 80,000 ಇತ್ತು, ಸ್ಟೈನ್ ಓಟು ಅಷ್ಟಿರಲಿಲ್ಲ.

## ನಿಯಮಗಳ ಬಗ್ಗೆ

ಮೂರನೆಯವರು ಕೆಲವು ರಾಜ್ಯ ಗೆದ್ದು ಯಾರಿಗೂ 270 ಬರದಿದ್ರೆ ಏನಾಗುತ್ತೆ?

ಆಗ ತೀರ್ಮಾನ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಗುತ್ತದೆ. ಸಂವಿಧಾನದ 12ನೇ ತಿದ್ದುಪಡಿಯ ಪ್ರಕಾರ ಹೆಚ್ಚು ಎಲೆಕ್ಟರ್ ಪಡೆದ ಮೂವರಲ್ಲಿ ಒಬ್ಬರನ್ನು ಸಭೆ ಆರಿಸಬೇಕು. ಒಂದು ರಾಜ್ಯಕ್ಕೆ ಒಂದೇ ಓಟು, ಗೆಲ್ಲಲು 26 ರಾಜ್ಯ ಬೇಕು. ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ 6 ಲಕ್ಷದೊಳಗಿನ ವಯೋಮಿಂಗ್‌ಗೂ ತೂಕ ಒಂದೇ.

1824ರಲ್ಲಿ ಹೀಗೇ ಆಯಿತು. ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ನಾಲ್ಕನೆಯವರಾದ ಕ್ಲೇ ಆಡಮ್ಸ್ ಬೆನ್ನಿಗೆ ನಿಂತರು. ಆಡಮ್ಸ್ ಅಧ್ಯಕ್ಷರಾದರು, ಕ್ಲೇ ವಿದೇಶಾಂಗ ಖಾತೆ ಪಡೆದರು. ಜಾಕ್ಸನ್ ಕಡೆಯವರು ಇದನ್ನು ಭ್ರಷ್ಟ ಒಪ್ಪಂದ ಅಂತ ನಾಲ್ಕು ವರ್ಷ ಸಾರಿದರು, 1828ರಲ್ಲಿ ಗೆದ್ದೂ ಬಿಟ್ಟರು.

1968ರಲ್ಲಿ ಜಾರ್ಜ್ ವ್ಯಾಲೇಸ್ ಬಯಸಿದ್ದು ಇದನ್ನೇ. ಕರಿಯರನ್ನು ಬೇರೆ ಇಡುವ ಪದ್ಧತಿಯ ಪರವಾಗಿ ನಿಂತು ದಕ್ಷಿಣದ ಐದು ರಾಜ್ಯ ಗೆದ್ದರು, 46 ಎಲೆಕ್ಟರ್ ಸಿಕ್ಕರು. ಯಾರಿಗೂ ಬಹುಮತ ಬಾರದಂತೆ ಮಾಡಿ ತಮ್ಮ ಷರತ್ತು ಹೇರುವುದು ಅವರ ಲೆಕ್ಕ. ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ 301 ಬಂದು ಅದು ತಪ್ಪಿತು. ಆದರೆ ಇಲಿನಾಯ್ ಮತ್ತು ಮಿಸೌರಿ ಎರಡು ರಾಜ್ಯಗಳು ಡೆಮಾಕ್ರಟಿಕ್ ಪಕ್ಷದ ಹಂಫ್ರಿ ಕಡೆ ವಾಲಿದ್ದರೆ ನಿಕ್ಸನ್ 263ಕ್ಕೆ ನಿಲ್ಲುತ್ತಿದ್ದರು. ನಾಗರಿಕ ಹಕ್ಕುಗಳ ಕಾಯ್ದೆಗಳು ಆಗಷ್ಟೇ ಬಂದಿದ್ದವು. ಆ ಚೌಕಾಸಿಯಲ್ಲಿ ಅವುಗಳ ಗತಿ ಏನಾಗುತ್ತಿತ್ತೋ ಅಂತ ನೆನೆದರೆ ಈಗಲೂ ಕಳವಳವಾಗುತ್ತದೆ.

ಮತಪತ್ರದಲ್ಲಿ ಹೆಸರು ಹಾಕಿಸೋದೇ ಅವರಿಗೆ ಕಷ್ಟವಂತೆ. ನಿಜವಾ?

ನಿಜ. ನಮ್ಮಲ್ಲಿ ಸೂಚಕರ ಸಹಿ, ಠೇವಣಿ, ನಾಮಪತ್ರ ಇಷ್ಟಾದರೆ ಹೆಸರು ಬರುತ್ತದೆ. ಅಲ್ಲಿ 50 ರಾಜ್ಯಕ್ಕೂ 50 ನಿಯಮ. ಎಷ್ಟು ಸಹಿ, ಯಾವ ತಾರೀಖಿನೊಳಗೆ, ಯಾರು ಸಹಿ ಹಾಕಬಹುದು, ಎಲ್ಲವೂ ಬೇರೆ ಬೇರೆ. ದೊಡ್ಡ ಪಕ್ಷಗಳು ಆ ಸಹಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುತ್ತವೆ. ಚಿಕ್ಕ ಪಕ್ಷದ ಹಣ, ವಕೀಲರು, ಸ್ವಯಂಸೇವಕರು ಪ್ರಚಾರಕ್ಕೆ ಮುಂಚೆಯೇ ಖರ್ಚಾಗಿಹೋಗುತ್ತಾರೆ.

ಮುಂದಿನ ಗೋಡೆ ಟಿವಿ ಚರ್ಚೆ. 2000ದಿಂದ 2020ರವರೆಗೆ ಚರ್ಚೆಗಳನ್ನು ನಡೆಸಿದ ಚರ್ಚಾ ಆಯೋಗದ ನಿಯಮದಂತೆ ಸಮೀಕ್ಷೆಗಳಲ್ಲಿ ಶೇ 15 ಬೆಂಬಲ ಇರಬೇಕಿತ್ತು. ಚರ್ಚೆಗೆ ಬಾರದವರಿಗೆ ಅಷ್ಟು ಬೆಂಬಲ ಬರುವುದು ಹೇಗೆ? ಇನ್ನು ಹಣ. ದೇಶದಲ್ಲಿ ಶೇ 5 ಓಟು ಪಡೆದ ಪಕ್ಷಕ್ಕೆ ಮುಂದಿನ ಸಲ ಸರ್ಕಾರದ ಚುನಾವಣಾ ನಿಧಿಯಲ್ಲಿ ಪಾಲು ಸಿಗುತ್ತದೆ. 2000ದಲ್ಲಿ ನೇಡರ್ ಗುರಿ ಇದೇ ಆಗಿತ್ತು. ಬಂದದ್ದು ಶೇ 2.7.

ಸಮೀಕ್ಷೆಯಲ್ಲಿ ಇಷ್ಟೊಂದು ಬೆಂಬಲ ಇರುತ್ತೆ, ಓಟಿನ ದಿನ ಎಲ್ಲಿ ಮಾಯ ಆಗುತ್ತೆ?

1992ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಪೆರೋ ಶೇ 39 ಪಡೆದು ಎಲ್ಲರಿಗಿಂತ ಮುಂದಿದ್ದರು. ಜುಲೈನಲ್ಲಿ ಕಣ ಬಿಟ್ಟರು, ಅಕ್ಟೋಬರ್ 1ಕ್ಕೆ ಮತ್ತೆ ಬಂದರು, ಕೊನೆಗೆ ಶೇ 18.9. 1980ರಲ್ಲಿ ಪಕ್ಷೇತರ ಜಾನ್ ಆಂಡರ್ಸನ್ ಬೆಂಬಲವೂ ಬೇಸಿಗೆಯಿಂದ ನವೆಂಬರ್‌ಗೆ ಕರಗುತ್ತಾ ಬಂದು ಶೇ 6.6ಕ್ಕೆ ನಿಂತಿತು.

ಬೇಸಿಗೆಯಲ್ಲಿ ಜನ ಮನಸ್ಸಿನ ಮಾತು ಹೇಳುತ್ತಾರೆ. ನವೆಂಬರ್ ಹತ್ತಿರ ಬಂದಾಗ ಭಯ ಶುರುವಾಗುತ್ತದೆ: ನನಗೆ ಇವರು ಇಷ್ಟ, ಆದರೆ ಇವರು ಗೆಲ್ಲಲ್ಲ, ನನ್ನ ಓಟು ವೇಸ್ಟ್ ಆಗಿ ಅವರು ಬಂದುಬಿಟ್ಟರೆ? ಯಾರಿಗೆ ಒಂದು ಓಟು ಜಾಸ್ತಿಯೋ ಅವರೇ ಗೆದ್ದರು ಅನ್ನುವ ಪದ್ಧತಿ ಇದ್ದಲ್ಲಿ ಕಾಲ ಕಳೆದಂತೆ ಎರಡೇ ಪಕ್ಷ ಉಳಿಯುತ್ತವೆ ಅಂತ ಫ್ರಾನ್ಸಿನ ರಾಜಕೀಯ ಶಾಸ್ತ್ರಜ್ಞ ಮೋರಿಸ್ ಡುವರ್ಜೆ ವಾದಿಸಿದ್ದು ಇದನ್ನು ನೋಡಿಯೇ. ನಮ್ಮ ದೇಶದಲ್ಲಿ ಅದೇ ಪದ್ಧತಿ ಇದ್ದೂ ಅಷ್ಟೊಂದು ಪಕ್ಷ ಇವೆಯಲ್ಲ ಅಂತ ಕೇಳಬಹುದು. ರಾಜ್ಯರಾಜ್ಯದಲ್ಲೂ ಎದುರಾಳಿ ಜೋಡಿ ಬೇರೆ ಬೇರೆ ಇರುವುದು ಇದಕ್ಕೆ ದೊಡ್ಡ ಕಾರಣ.

## ಇನ್ನೂ ಆಳಕ್ಕೆ

ಯಾವತ್ತೂ ಗೆಲ್ಲಲ್ಲ ಅಂದ್ಮೇಲೆ ಇವರೆಲ್ಲ ಸುಮ್ನೆ ಯಾಕೆ ನಿಲ್ತಾರೆ?

1892ರಲ್ಲಿ ಸಾಲದಲ್ಲಿ ಮುಳುಗಿದ್ದ ರೈತರು ಪಾಪ್ಯುಲಿಸ್ಟ್ ಪಕ್ಷ ಕಟ್ಟಿ ಜೇಮ್ಸ್ ವೀವರ್ ಅವರನ್ನು ನಿಲ್ಲಿಸಿದರು. ಶೇ 8.5 ಓಟು, 22 ಎಲೆಕ್ಟರ್. ಅವರು ಕೇಳಿದ್ದು ಗಳಿಕೆ ಹೆಚ್ಚಿದ್ದವರಿಗೆ ಹೆಚ್ಚು ಆದಾಯ ತೆರಿಗೆ, ಸೆನೆಟರ್‌ಗಳನ್ನು ಜನರೇ ಆರಿಸುವ ಹಕ್ಕು. ಆ ಪಕ್ಷ ಕೆಲವೇ ವರ್ಷದಲ್ಲಿ ಕರಗಿತು. ಆದರೆ 1913ರಲ್ಲಿ ಆದಾಯ ತೆರಿಗೆಗೆ ಅವಕಾಶ ಕೊಡುವ 16ನೇ ತಿದ್ದುಪಡಿ, ಸೆನೆಟರ್‌ಗಳ ನೇರ ಚುನಾವಣೆಯ 17ನೇ ತಿದ್ದುಪಡಿ ಎರಡೂ ಬಂದವು. ರೂಸ್‌ವೆಲ್ಟ್ ಪಕ್ಷ 1912ರಲ್ಲಿ ಹೆಂಗಸರ ಮತದ ಹಕ್ಕನ್ನು ಬೆಂಬಲಿಸಿತ್ತು, ಅದು 1920ರಲ್ಲಿ ಸಂವಿಧಾನ ಸೇರಿತು. ಪೆರೋ ಸಾಲದ ಮಾತಾಡಿ ಹೋದ ಮೇಲೆ ಎರಡೂ ಪಕ್ಷಗಳು ಅದೇ ಮಾತಾಡಿದವು, 1998ರಿಂದ 2001ರವರೆಗೆ ಸರ್ಕಾರದ ಬಜೆಟ್ ಉಳಿತಾಯದಲ್ಲಿತ್ತು. ಆರ್ಥಿಕತೆ ಏರಿದ್ದೂ ಇದಕ್ಕೆ ಕಾರಣ, ಆದರೆ ಒತ್ತಡ ಹುಟ್ಟಿಸಿದವರಲ್ಲಿ ಪೆರೋ ಮುಖ್ಯರು.

ದೊಡ್ಡ ಪಕ್ಷಗಳು ಕಳೆದುಹೋದ ಓಟನ್ನು ವಾಪಸ್ ತರಲು ಮೂರನೆಯವರ ಮಾತನ್ನೇ ತಮ್ಮದು ಮಾಡಿಕೊಳ್ಳುತ್ತವೆ. ನನ್ನ ಪ್ರಕಾರ ಮೂರನೆಯವರ ನಿಜವಾದ ಪರಿಣಾಮ ಇಲ್ಲೇ ಇದೆ. ಫಲಿತಾಂಶದ ರಾತ್ರಿ ಅದು ಕಾಣುವುದಿಲ್ಲ. ಎಲ್ಲ ಸಲವೂ ಅದು ಒಳ್ಳೆಯದೇ ಆಗಿರುತ್ತದೆ ಅಂತಲ್ಲ. ಜಾರ್ಜ್ ವ್ಯಾಲೇಸ್ ಎತ್ತಿದ ಜನಾಂಗದ್ವೇಷದ ಓಟನ್ನು ಸೆಳೆಯಲು ನಿಕ್ಸನ್ ನಡೆಸಿದ ದಕ್ಷಿಣದ ರಾಜಕೀಯವೂ ಇದೇ ರೀತಿಯ ಪರಿಣಾಮ.

ಚಿಕ್ಕದೊಂದು ಸಂಗತಿ ನನಗೆ ತುಂಬಾ ಇಷ್ಟ. 1972ರಲ್ಲಿ ಲಿಬರ್ಟೇರಿಯನ್ ಪಕ್ಷಕ್ಕೆ ಬಿದ್ದದ್ದು ಕೆಲವೇ ಸಾವಿರ ಓಟು. ಆದರೆ ವರ್ಜೀನಿಯಾದ ಒಬ್ಬ ಎಲೆಕ್ಟರ್ ಪಕ್ಷ ಮೀರಿ ಅವರಿಗೆ ಹಾಕಿದರು. ಹಾಗೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಟೋನಿ ನೇಥನ್ ಎಲೆಕ್ಟರ್ ಓಟು ಪಡೆದ ಮೊದಲ ಹೆಂಗಸಾದರು.

ಅಂತರಕ್ಕಿಂತ ಮೂರನೆಯವರ ಓಟು ಜಾಸ್ತಿ ಇದ್ರೆ ಅವರೇ ಸೋಲಿಸಿದ್ರು ಅಂತ ತಾನೇ ಅರ್ಥ?

ಅದು ಮೊದಲ ಹೆಜ್ಜೆ ಮಾತ್ರ. ಆ ಓಟುಗಳಲ್ಲಿ ಎಷ್ಟು ಮನೆಯಲ್ಲೇ ಉಳಿಯುತ್ತಿದ್ದವು, ಬಂದವು ಎರಡೂ ಕಡೆ ಹೇಗೆ ಹಂಚಿಹೋಗುತ್ತಿದ್ದವು, ಆ ರಾಜ್ಯ ತಿರುಗಿದರೆ ಒಟ್ಟು ಎಲೆಕ್ಟರ್ ಲೆಕ್ಕ ತಿರುಗುತ್ತಿತ್ತೇ ಅಂತ ನೋಡಬೇಕು. ಎದುರು ಕಡೆಯ ಓಟನ್ನು ಒಡೆದ ಇನ್ನೊಬ್ಬ ಮೂರನೆಯವರು ಇದ್ದರೇ ಅನ್ನೋದನ್ನೂ ಮರೆಯಬಾರದು.

ಈ ಎಲ್ಲ ಪರೀಕ್ಷೆ ಪಾಸಾಗುವ ಚುನಾವಣೆ ಕಡಿಮೆ. 1844 ಅಂಥದ್ದು. ಗುಲಾಮಗಿರಿ ವಿರೋಧಿಸುವ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿಗೆ ನ್ಯೂಯಾರ್ಕ್‌ನಲ್ಲಿ 15,812 ಓಟು ಬಿತ್ತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಪೋಕ್ ಎದುರು ವಿಗ್ ಪಕ್ಷದ ಹೆನ್ರಿ ಕ್ಲೇ ಸೋತದ್ದು 5,106 ಓಟಿಗೆ. ನ್ಯೂಯಾರ್ಕ್‌ನ 36 ಎಲೆಕ್ಟರ್ ಸಿಕ್ಕಿದ್ದರೆ ಕ್ಲೇ ಅಧ್ಯಕ್ಷರು. ಗೆದ್ದ ಪೋಕ್ ಗುಲಾಮಗಿರಿಯ ರಾಜ್ಯವಾಗಿ ಟೆಕ್ಸಸ್ ಸೇರುವುದನ್ನು ಬೆಂಬಲಿಸಿದವರು, ಮುಂದೆ ಮೆಕ್ಸಿಕೋ ಮೇಲೆ ಯುದ್ಧಕ್ಕೂ ಹೋದರು. ಲಿಬರ್ಟಿ ಪಕ್ಷದವರು ಬಯಸಿದ್ದಕ್ಕೆ ಪೂರ್ತಿ ಉಲ್ಟಾ. ಹಾಗಂತ ಅವರನ್ನು ಬೈಯಲು ನನಗೆ ಮನಸ್ಸು ಬಾರದು. ಕ್ಲೇ ಸ್ವತಃ ಗುಲಾಮರನ್ನು ಇಟ್ಟುಕೊಂಡವರು. ಅವರಿಗೆ ಓಟು ಹಾಕಿ ಅಂತ ಗುಲಾಮಗಿರಿ ವಿರೋಧಿಗೆ ಹೇಳುವುದು ಹೇಗೆ?

ಓಟು ಒಡೆಯದ ಹಾಗೆ ಎಣಿಸೋ ದಾರಿ ಇಲ್ವಾ?

ಇದೆ, ನಮ್ಮ ರಾಷ್ಟ್ರಪತಿಗಳನ್ನು ನಾವು ಆರಿಸುವುದೇ ಹಾಗೆ. ಶಾಸಕರು, ಸಂಸದರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ ಕೊನೆಯವರನ್ನು ತೆಗೆದು ಅವರ ಓಟನ್ನು ಎರಡನೇ ಇಷ್ಟದಂತೆ ಹಂಚುತ್ತಾರೆ. 1969ರಲ್ಲಿ ಇದು ನಿಜಕ್ಕೂ ಬೇಕಾಯಿತು. ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಸಭೆಯಲ್ಲಿ ನೀಲಂ ಸಂಜೀವ ರೆಡ್ಡಿ ಅಭ್ಯರ್ಥಿಯಾದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಮೂರನೆಯವರು ಸಿ.ಡಿ. ದೇಶಮುಖ್. ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಎರಡನೇ ಇಷ್ಟದ ಓಟು ಹೆಚ್ಚಾಗಿ ರೆಡ್ಡಿ ಕಡೆ ಹೋಗಿ ಅವರು 4,05,427ಕ್ಕೆ ಏರಿದರು. ಗಿರಿ 4,20,077ರಲ್ಲಿ ಗೆದ್ದರು. ದೇಶಮುಖ್ ಅವರಿಗೆ ಹಾಕಿದ ಓಟು ವೇಸ್ಟ್ ಆಯಿತು ಅಂತ ಯಾರೂ ಹೇಳುವಂತಿಲ್ಲ.

ಅಮೆರಿಕದಲ್ಲಿ ಮೇನ್ 2020ರಿಂದ, ಅಲಾಸ್ಕ 2024ರಿಂದ ಅಧ್ಯಕ್ಷರ ಚುನಾವಣೆಗೂ ಇಂಥ ಪದ್ಧತಿ ಬಳಸಿವೆ. 2024ರಲ್ಲಿ ಅಲಾಸ್ಕದಲ್ಲಿ ಇದನ್ನು ತೆಗೆದುಹಾಕುವ ಪ್ರಸ್ತಾಪ ಕೆಲವೇ ನೂರು ಓಟಿನಿಂದ ಬಿದ್ದುಹೋಯಿತು. ಅದೇ ವರ್ಷ ಕೊಲರಾಡೊ, ಆರೆಗಾನ್, ನೆವಾಡ, ಐಡಹೋ ಮತದಾರರು ಇದನ್ನು ಬೇಡ ಅಂದರು. ದಾರಿ ಇನ್ನೂ ದೂರ ಇದೆ.

ಫ್ರಾನ್ಸ್ ಥರ ಎರಡು ಸುತ್ತು ಮಾಡಿದ್ರೆ ಸಾಕಲ್ವಾ?

ಅಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ ಮುಂದಿರುವ ಇಬ್ಬರಷ್ಟೇ ಎರಡನೇ ಸುತ್ತಿಗೆ ಹೋಗುತ್ತಾರೆ. ಈ ಪದ್ಧತಿಯಲ್ಲೂ ಓಟು ಒಡೆಯುತ್ತದೆ, ಮೊದಲ ಸುತ್ತಿನಲ್ಲೇ. 2002ರಲ್ಲಿ ಫ್ರಾನ್ಸಿನಲ್ಲಿ 16 ಜನ ನಿಂತಿದ್ದರು. ಶಿರಾಕ್‌ಗೆ ಶೇ 19.9, ತೀವ್ರ ಬಲಪಂಥದ ಲೆ ಪೆನ್‌ಗೆ 16.9, ಸಮಾಜವಾದಿ ಪ್ರಧಾನಿ ಜೋಸ್ಪಾಗೆ 16.2. ಎಡಪಂಥದ ಓಟು ಹಲವು ಕಡೆ ಹಂಚಿಹೋಗಿತ್ತು. ಜೋಸ್ಪಾ ಎರಡನೇ ಸುತ್ತಿಗೆ ಬರಲಿಲ್ಲ. ಅಲ್ಲಿ ಶಿರಾಕ್ ಶೇ 82 ಪಡೆದು ಗೆದ್ದರು.

ಶ್ರೀಲಂಕಾದ 2024ರ ಚುನಾವಣೆಯನ್ನೂ ನೋಡಿ. ಅಲ್ಲಿ ಇಷ್ಟದ ಕ್ರಮ ಗುರುತಿಸುವ ಅವಕಾಶ ಇದೆ. 2019ರಲ್ಲಿ ಶೇ 3ರಷ್ಟು ಓಟು ಪಡೆದು ಮೂರನೆಯವರಾಗಿದ್ದ ಅನುರ ಕುಮಾರ ದಿಸ್ಸಾನಾಯಕೆ ಐದೇ ವರ್ಷಕ್ಕೆ ಶೇ 42 ಪಡೆದು, ಎರಡನೇ ಎಣಿಕೆಯ ನಂತರ ಅಧ್ಯಕ್ಷರಾದರು. ಗೆಲುವಿಗೆ ದೊಡ್ಡ ಕಾರಣ ಆರ್ಥಿಕ ಕುಸಿತದಿಂದ ನೊಂದ ಜನರ ಸಿಟ್ಟು. ಆದರೆ ಶೇ 3ರ ಪಕ್ಷಕ್ಕೆ ಉಸಿರಾಡಲು ಜಾಗ ಇತ್ತು ಅನ್ನೋದೂ ಮುಖ್ಯ.

ನಾನು ಸನ್ನಿವೇಲ್‌ನಲ್ಲಿದ್ದೇನೆ. ಈಗಷ್ಟೇ ಸಿಟಿಜನ್ ಆದೆ. ಮೊದಲ ಓಟನ್ನು ಮೂರನೆಯವರಿಗೆ ಹಾಕಿದ್ರೆ ವೇಸ್ಟ್ ಆಗುತ್ತಾ ಅಣ್ಣಾ?

ಯಾರಿಗೆ ಹಾಕಬೇಕು ಅಂತ ನಾನು ಹೇಳಲಾರೆ, ಅದು ನಿಮ್ಮದು. ಆದರೆ ನೀವಿರುವುದು ಕ್ಯಾಲಿಫೋರ್ನಿಯಾದಲ್ಲಿ. 2024ರಲ್ಲಿ ಅಲ್ಲಿ ಅಂತರ ಶೇ 20ರಷ್ಟಿತ್ತು. ಅಷ್ಟು ಅಂತರವಿದ್ದಾಗ ನಿಮ್ಮ ಒಂದು ಓಟು ಗೆದ್ದವರಿಗೆ ಹೋದರೂ, ಸೋತವರಿಗೆ ಹೋದರೂ, ಮೂರನೆಯವರಿಗೆ ಹೋದರೂ ಆ ರಾಜ್ಯದ ಎಲೆಕ್ಟರ್‌ಗಳು ಕದಲುವುದಿಲ್ಲ. ಮೂರನೆಯವರಿಗೆ ಹಾಕಿದ್ದಷ್ಟೇ ವೇಸ್ಟ್ ಅನ್ನೋದು ನ್ಯಾಯವಲ್ಲ. ನೀವು ಮಿಷಿಗನ್ ಅಥವಾ ವಿಸ್ಕಾನ್ಸಿನ್‌ನಲ್ಲಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಅಲ್ಲಿ ಇಬ್ಬರಲ್ಲಿ ಯಾರು ಬಂದರೆ ನಿಮಗೆ ನಿಜಕ್ಕೂ ತೊಂದರೆ ಅನ್ನೋದನ್ನು ಮೊದಲು ಯೋಚಿಸಿ ಅನ್ನುತ್ತಿದ್ದೆ. 2000ದಲ್ಲಿ ಇದೇ ಕಾರಣಕ್ಕೆ ಜನ ಓಟು ಅದಲುಬದಲು ಮಾಡಿಕೊಂಡಿದ್ದರು: ಪೈಪೋಟಿ ಇದ್ದ ರಾಜ್ಯದವರು ಗೋರ್‌ಗೆ ಹಾಕುವುದು, ಅವರ ಪರವಾಗಿ ಪೈಪೋಟಿ ಇಲ್ಲದ ರಾಜ್ಯದವರು ನೇಡರ್‌ಗೆ ಹಾಕುವುದು.

ಇನ್ನೊಂದು ಮಾತು. ಅಧ್ಯಕ್ಷರ ಹೆಸರು ಆ ಮತಪತ್ರದ ಒಂದು ಸಾಲು ಮಾತ್ರ. ಕೆಳಗೆ ನಗರಸಭೆ, ಶಾಲಾ ಮಂಡಳಿ, ರಾಜ್ಯದ ಪ್ರಸ್ತಾಪಗಳು ಎಲ್ಲ ಇರುತ್ತವೆ. ಅಲ್ಲಿ ಅಂತರ ಕೆಲವೊಮ್ಮೆ ನೂರರ ಲೆಕ್ಕದಲ್ಲಿರುತ್ತದೆ. ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್ ನಗರಗಳು ಮೇಯರ್ ಅವರನ್ನು 1, 2, 3 ಬರೆಯುವ ಪದ್ಧತಿಯಲ್ಲೇ ಆರಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಒಂದು ಸಂಜೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೊನೆಯ ಸಾಲಿನವರೆಗೂ ಓದಿ ತುಂಬಿ.